ಕೆನ್ನೆಗಿಟ್ಟು ನೋಡಿದ ಪಂಜರ

ಬೆಳಗಿನ ಐದೂವರೆ. ತಗಡಿನ ಶೆಡ್ಡಿನಲ್ಲಿ ಒಂದೇ ದೀಪ ಉರಿಯುತ್ತಿದೆ. ಅದರಡಿ ನಿಂತ ಹಿರಿಯರೊಬ್ಬರು ಉಕ್ಕಿನ ಪಂಜರವೊಂದನ್ನು ಮಗುವಿನಂತೆ ಎತ್ತಿ, ಅದರ ಪಟ್ಟಿಗಳನ್ನು ಒಂದೊಂದಾಗಿ ಎಡಗೆನ್ನೆಗೆ ತಾಗಿಸಿ ಮೆಲ್ಲಗೆ ಎಳೆಯುತ್ತಾರೆ. ಕಣ್ಣು ಮುಚ್ಚಿದೆ. ಉಸಿರನ್ನೂ ಹಿಡಿದಿದ್ದಾರೆ.

"ತಂಪಿರುವಾಗ್ಲೇ ನೋಡ್ಬೇಕಮ್ಮ. ಬಿಸಿಲೇರಿದ್ರೆ ಬೆವರು ಸುಳ್ಳು ಹೇಳುತ್ತೆ," ಎನ್ನುತ್ತಾರೆ, ಅವರ ಕೆಲಸ ನೋಡಲು ಬಂದ ನನಗೆ.

ಶೆಡ್ಡಿನವರಿಗೆಲ್ಲ ಇವರು ಪಂಜರದಣ್ಣ. ಆಳದ ಕೊಳವೆಬಾವಿಗೆ ಇಳಿಸುವ ಪೈಪಿನ ಸುತ್ತ ಈ ಪಂಜರ ತೊಡಿಸುತ್ತಾರೆ. ಎರಡು ಬಳೆ, ನಡುವೆ ಬಿಲ್ಲಿನಂತೆ ಬಾಗಿದ ಆರು ಪಟ್ಟಿ. ಪೈಪು ಗೋಡೆಗೆ ಒರಗದೆ ನಟ್ಟನಡುವೆ ನಿಂತರೆ ಮಾತ್ರ ಸುತ್ತಲೂ ಸಿಮೆಂಟು ತುಂಬುತ್ತದೆ. ತುಕ್ಕು ಹಿಡಿಯದಿರಲೆಂದು ಪಂಜರಕ್ಕೆ ಲೇಪ ಕೊಟ್ಟಿರುತ್ತಾರೆ. ಅದರಲ್ಲಿ ಸೂಜಿಮೊನೆಯಷ್ಟು ತೂತಿದ್ದರೂ ಸಾಕು, ಕೆಳಗಿನ ಉಪ್ಪುನೀರು ಅಲ್ಲಿಂದ ಉಕ್ಕನ್ನು ತಿನ್ನುತ್ತದೆ; ಅದೇ ಜಾಡು ಹಿಡಿದು ಮೇಲಿನ ಸಿಹಿನೀರಿಗೆ ಸೇರುತ್ತದೆ.

ದಿನಕ್ಕೆ ಅರವತ್ತು ಪಂಜರ, ಮುನ್ನೂರ ಅರವತ್ತು ಪಟ್ಟಿ. ತೂತಿದ್ದರೆ ಕುಯ್ಯೆನ್ನುವ ಯಂತ್ರವೊಂದಿದೆ. ಕೆಟ್ಟು ಎಂಟು ತಿಂಗಳಾಯಿತು. ಅಲ್ಲಿಂದ ಇವರ ಬೆರಳೇ ಯಂತ್ರವಾಯಿತು. ಇಪ್ಪತ್ತೇಳು ವರ್ಷ ಆಸಿಡ್ ತೊಟ್ಟಿಯಲ್ಲಿ ಉಕ್ಕು ತೊಳೆದ ಬೆರಳು.

ಆ ಬೆರಳುಗಳು ಸತ್ತಿವೆಯೆಂದು ತಿಳಿದದ್ದು ಮನೆಯಲ್ಲಿ. ಒಲೆಯ ಮೇಲಿನ ಪಾತ್ರೆಯನ್ನು ಬರಿಗೈಯಲ್ಲಿ ಇಳಿಸಿ, ಮಾತಾಡುತ್ತಲೇ ಹಿಡಿದು ನಿಂತಿದ್ದರಂತೆ.

"ಇನ್ಮೇಲೆ ಇಕ್ಕಳ ಕೊಳ್ಳೋದು ಉಳೀತು ಅಂತ ನಕ್ಕೆ," ಎನ್ನುತ್ತಾರೆ ಅವರ ಹೆಂಡತಿ. "ಆಮೇಲೆ ಸುಟ್ಟ ವಾಸನೆ ಬಂತು."

ಮರುದಿನ ಪಂಜರದಣ್ಣ ನಸುಕಿನಲ್ಲೇ ಹೋಗಿ, ತಾವೇ ಸರಿಯೆಂದು ಸೀಮೆಸುಣ್ಣದ ಗುರುತು ಹಾಕಿದ್ದ ಪಂಜರವೊಂದನ್ನು ಕೆನ್ನೆಗಿಟ್ಟು ನೋಡಿದರು. ಮೂರು ತೂತು. ಅದರ ಹಿಂದಿನವು ಅಷ್ಟು ಹೊತ್ತಿಗೆ ಲಾರಿ ಹತ್ತಿ ಹೋಗಿದ್ದವು.

"ಅಂಥವು ಎಷ್ಟು ಹೋಗಿರಬಹುದು?" ಎಂದು ಕೇಳುತ್ತೇನೆ.

"ಬೆರಳು ಸತ್ತ ದಿನ ಗೊತ್ತಿದ್ರೆ ತಾನೆ ಲೆಕ್ಕ?"

ಮೇಲ್ವಿಚಾರಕರಿಗೆ ಅಂದೇ ಹೇಳಿದರು. "ನೆಲದೊಳಗೆ ಹೂತದ್ದನ್ನ ಯಾರು ಅಗೆದು ನೋಡ್ತಾರೆ? ಸುಮ್ನಿರಿ," ಎಂಬ ಉತ್ತರ ಬಂತು. ಯಾವ ಊರಿನ ಬಾವಿಗೆ ಹೋದವೆಂದು ಕೇಳಿದ್ದಕ್ಕೆ ಉತ್ತರವೇ ಬರಲಿಲ್ಲ. ಮತ್ತೆ ಎರಡು ಸಲ ಕೇಳಿದ್ದಾರೆ.

ಈಗ ಕೆನ್ನೆಯ ತುಂಬ ಸಣ್ಣ ಗೀರುಗಳು. ಜೊತೆಗಾರರು ಕೆಲಸಕ್ಕೆ ಬರುತ್ತಲೇ ಕಾಲೆಳೆಯುತ್ತಾರೆ. "ಏನಣ್ಣ, ಎಲ್ಲಕ್ಕೂ ಮುತ್ತು ಕೊಟ್ಟಾಯ್ತಾ? ಅತ್ತಿಗೇಗೆ ಹೇಳ್ಲಾ?"

"ಅವಳೇ ಕಳಿಸಿದ್ದು ಕಣೋ," ಎನ್ನುತ್ತಾರೆ ಇವರು, ಮುಂದಿನ ಪಂಜರ ಎತ್ತಿಕೊಳ್ಳುತ್ತ.

ಕೆಲಸ ಮುಗಿದ ಮೇಲೆ ಅವರ ಒಂಟಿ ಕೋಣೆಯ ಮನೆಗೆ ಹೋಗುತ್ತೇವೆ. ಹೆಂಡತಿ ಇಬ್ಬರಿಗೂ ನೀರು ಕೊಡುತ್ತಾರೆ. ಪಂಜರದಣ್ಣ ಮೊದಲ ಗುಟುಕನ್ನು ನುಂಗದೆ ಬಾಯಲ್ಲೇ ಇಟ್ಟುಕೊಳ್ಳುತ್ತಾರೆ. ತಡವಾಗಿ ಗಂಟಲು ಆಡುತ್ತದೆ.

"ಎಲ್ಲಿ ಹೋದ್ರೂ ಹೀಗೇ, ಉಪ್ಪಿದ್ಯಾ ಅಂತ ನೋಡೋದು," ಎಂದು ಆಕೆ ನನಗೆ ತಗ್ಗಿದ ದನಿಯಲ್ಲಿ ಹೇಳುತ್ತಾರೆ. "ನೆಂಟರ ಮನೇಲೂ. ಅವರು ತಪ್ಪು ತಿಳ್ಕೋತಾರೆ."

ಏನಾದರೂ ಆಸೆ ಇದೆಯೇ ಎಂದು ಪಂಜರದಣ್ಣನನ್ನು ಕೇಳುತ್ತೇನೆ. ಅವರು ಲೋಟವನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

"ಕೆನ್ನೆಗಿಟ್ಟು ಕಳಿಸಿದ್ದು ಯಾವುದೂ ಕೆಡಲ್ಲ, ಅಷ್ಟು ಹೇಳಬಲ್ಲೆ. ಅದಕ್ಕೆ ಮುಂಚಿನದು... ಯಾರೋ ಒಬ್ಬ ತಾಯಿ ನಲ್ಲಿ ಬಿಟ್ಟು ಮಗೂಗೆ ನೀರು ಕೊಡ್ತಾಳೆ. ಆ ಮಗು ಮುಖ ಸಿಂಡರಿಸದೆ ಕುಡಿದ್ರೆ ಸಾಕಮ್ಮ."

ಉಳಿದ ನೀರನ್ನೂ ಒಂದೊಂದೇ ಗುಟುಕಾಗಿ, ಬಾಯಲ್ಲಿ ಇಟ್ಟು ನೋಡಿಯೇ ನುಂಗುತ್ತಾರೆ.