ಅಧ್ಯಕ್ಷರಾದ ದಫೇದಾರರು

ಪೊಲೀಸ್ ದಫೇದಾರರಾಗಿ ನಿವೃತ್ತರಾದ ಮೇಲೆ ವನಗೂರು ಕಡೆಯ ನಮ್ಮ ಪಂಚಾಯಿತಿಗೆ ಅಧ್ಯಕ್ಷರಾದವರು ಒಬ್ಬರಿದ್ದರು, ಮಕ್ಕಳೇ. ಖಾಕಿ ಬಿಟ್ಟರೂ ಬೆಲ್ಟು ಬಿಡಲಿಲ್ಲ. ಪಂಚೆಯ ಮೇಲೇ ಬಿಗಿಯುತ್ತಿದ್ದರು. ಮಾತಿಗೊಮ್ಮೆ ಅದನ್ನು ಮೇಲೆಳೆದು, “ಕಾನೂನು ಎಲ್ರಿಗೂ ಒಂದೇ ಕಣ್ರೀ” ಅನ್ನುತ್ತಿದ್ದರು.

ಒಮ್ಮೆ ನಿಮ್ಮ ಅಜ್ಜ ಏಲಕ್ಕಿ ತೋಟದಲ್ಲಿ ಕಾಡುಹಂದಿ ಹೊಡೆದರು. ಮರುದಿನವೇ ಅಧ್ಯಕ್ಷರು ಫಾರೆಸ್ಟ್ ಗಾರ್ಡನ್ನು ಕರೆದುಕೊಂಡು ನಮ್ಮ ಅಡುಗೆಮನೆಗೇ ಬಂದರು. ಒಲೆಯ ಮೇಲೆ ಸಾರು ಕುದಿಯುತ್ತಿತ್ತು. ಸಿಕ್ಕಿಬಿದ್ದರೆ ಅಜ್ಜನಿಗೆ ಜೈಲು.

ಅಧ್ಯಕ್ಷರು ಸೌಟಿನಿಂದ ಒಂದು ತುಂಡು ಎತ್ತಿ ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದರು. “ಹಲಸಿನಕಾಯಿ ಕಣೋ ಮಾರಾಯ. ಇನ್ನೂ ಬೇಯ್ಬೇಕು,” ಅಂದರು. ಗಾರ್ಡ್ ತಾನೂ ಸೌಟಿಗೆ ಕೈ ಚಾಚಿದ. “ಯಾಕೆ, ನಾನು ಸುಳ್ಳು ಹೇಳ್ತೀನಾ?” ಎಂದು ಅಧ್ಯಕ್ಷರು ಬೆಲ್ಟು ಎಳೆದರು. ಅವನು ಕೈ ಹಿಂದಕ್ಕೆ ತೆಗೆದುಕೊಂಡ.

ಅವನು ಗೇಟು ದಾಟಿದ ಮೇಲೆ ಅಧ್ಯಕ್ಷರು ಮೆಲ್ಲಗೆ ಕೇಳಿದರು: “ಏನಮ್ಮ, ಊರಿಗೆಲ್ಲ ಪಾಲು ಹೋಗೈತೆ. ನಮ್ಮನೆ ಯಾಕೆ ಬಿಟ್ರಿ?”

ಹೊಡೆದ ಹಂದಿಯಲ್ಲಿ ಮನೆಗೊಂದು ಪಾಲು ಕಳಿಸುವುದು ನಮ್ಮಲ್ಲಿ ರೂಢಿ. ಪೊಲೀಸರ ಮನೆಯೆಂದು ಹೆದರಿ ಅಜ್ಜ ಅವರದೊಂದನ್ನೇ ಬಿಟ್ಟಿದ್ದರು. ನಾನು ಕುದಿಯುತ್ತಿದ್ದ ಪಾತ್ರೆಯನ್ನೇ ಇಳಿಸಿ ಅವರ ಮನೆಗೆ ಕಳಿಸಿದೆ. ಗಾರ್ಡಿಗೆ ಸುದ್ದಿ ಕೊಟ್ಟವರು ಯಾರೆಂದು ನಾವು ಕೇಳಲಿಲ್ಲ.