ಬಣ್ಣ ಬಿಟ್ಟ ಗೋಧಿ ಪಾಸ್ತಾ

ನಮ್ಮ ಅತ್ತೆಗೆ ಕಳ್ಳಿ ಎಂಬ ಹೆಸರು ಬಂದಿತ್ತು. ಅದೂ ಸ್ವಂತ ಮಗನ ಬಾಯಿಂದ!

ಅತ್ತೆಗೆ ಶುಗರ್. ಮೈದಾ ಮುಟ್ಟಬೇಡಿ ಎಂದು ಹಾವೇರಿಯ ಡಾಕ್ಟರು ಮೊದಲೇ ಹೇಳಿದ್ದರು. ಆದರೆ ಕುಪ್ಪೇಲೂರೆಂಬ ಹಳ್ಳಿಯಲ್ಲಿ ಬೆಳೆದ ಈ ಜೀವಕ್ಕೆ ಹಲ್ಲು ಹೋದಮೇಲೆ ಹತ್ತಿದ ರುಚಿ ಯಾವುದು ಗೊತ್ತೇ? ಪಾಸ್ತಾ! (ಮೆತ್ತಗಿರುತ್ತದಲ್ಲ, ಖಡಕ್ ರೊಟ್ಟಿಯಂತೆ ಹಟ ಮಾಡುವುದಿಲ್ಲ.)

ಹಾಗಾಗಿ ರಾಣೆಬೆನ್ನೂರಿನ ನಮ್ಮ ಓಣಿಯ ಅಂಗಡಿಯಿಂದ ಗೋಧಿ ಪಾಸ್ತಾ ತಂದೆ. ಕಂದು ಬಣ್ಣ, ನೋಡಿದರೇ ನಂಬಿಕೆ ಹುಟ್ಟಬೇಕು. ಬ್ಯಾಡಗಿ ಮೆಣಸಿನಕಾಯಿ, ಬೆಳ್ಳುಳ್ಳಿ ಅರೆದು ಹಾಕಿದರೆ ಅತ್ತೆ ತಟ್ಟೆ ಬಳಿದು ತಿನ್ನುತ್ತಿದ್ದರು. ಗೋಧಿ ತಾನೇ ಎಂದು ದಿನಾ ಸಂಜೆ ಅದನ್ನೇ ಮಾಡಿದೆ.

ಮುಂದಿನ ತಪಾಸಣೆಯಲ್ಲಿ ಶುಗರ್ ಏರಿತ್ತು. ನಾಲಿಗೆ ಹಿಡಿತದಲ್ಲಿಲ್ಲ ಎಂದು ಡಾಕ್ಟರು ನನ್ನೆದುರೇ ಅತ್ತೆಯನ್ನು ಬೈದರು. ಮನೆಗೆ ಬಂದಮೇಲೆ ನನ್ನ ಗಂಡ, ಅವ್ವ ಕದ್ದು ಸಿಹಿ ತಿನ್ನುತ್ತಾಳೆ ಎಂದು ಕೂಗಾಡಿ, ಆಕೆಯ ಟ್ರಂಕಿನ ಸೀರೆಗಳ ನಡುವೆ ಪೇಡೆ ಹುಡುಕಿದರು. ಸಿಗಲಿಲ್ಲ. ಆದರೂ ಬೆಲ್ಲದ ಡಬ್ಬಿ ಕಪಾಟು ಸೇರಿತು, ಕಪಾಟಿಗೆ ಕೀಲಿ ಬಿತ್ತು.

“ನಾ ಕದ್ದು ತಿಂದಿಲ್ಲವ್ವಾ,” ಅಂದರು ಅತ್ತೆ ನನ್ನ ಕೈ ಹಿಡಿದು. “ನೀನರ ನಂಬು.”

ನಂಬಿದೆ. ಹಾಗಾದರೆ ಶುಗರ್ ಏರಿದ್ದೇಕೆ?

ಉತ್ತರ ಸಿಕ್ಕಿದ್ದು ಮೊನ್ನೆ, ಪಾತ್ರೆಯಲ್ಲಿ. ಯಾವಾಗಲೂ ಮಸಾಲೆಯಲ್ಲೇ ಬೇಯಿಸುವವಳು ಅಂದು ಬರೀ ನೀರಿನಲ್ಲಿ ಇಟ್ಟಿದ್ದೆ. ತಂಗಿಯ ಫೋನ್ ಬಂತು, ಒಲೆ ಮರೆತೆ. ಬಂದು ನೋಡಿದರೆ ನೀರು ಕಂದು, ಪಾಸ್ತಾ ಬೆಳ್ಳಗೆ! ಕನ್ನಡಕ ಏರಿಸಿ ಪ್ಯಾಕೆಟ್ಟಿನ ಬೆನ್ನು ಓದಿದೆ. ಇರುವೆಯಂಥ ಅಕ್ಷರಗಳು. ಮೊದಲು ಮೈದಾ, ಆಮೇಲೆ ಚೂರು ಗೋಧಿ ಹಿಟ್ಟು, ಕೊನೆಗೆ ಬಣ್ಣ.

ಅದನ್ನು ಹಿಡಿದುಕೊಂಡೇ ಅಂಗಡಿಗೆ ಹೋದೆ. ಅಂಗಡಿಯವನು ನಕ್ಕ. “ಅಷ್ಟ್ ಸಣ್ಣಂದು ಯಾರ್ ಓದ್ತಾರ್ರೀ ಅಕ್ಕಾರ?”

ಮೈ ಉರಿಯಿತು. ಯಾರೂ ಓದಬಾರದೆಂದೇ ತಾನೇ ಅಷ್ಟು ಸಣ್ಣಗೆ ಅಚ್ಚು ಹಾಕಿಸಿದ್ದು? ಅಲ್ಲಿದ್ದ ಪ್ಯಾಕೆಟ್ಟುಗಳನ್ನೆಲ್ಲ ತಿರುಗಿಸಿ ತಿರುಗಿಸಿ ಓದಿದೆ. (ಹಿಂದಿದ್ದ ಗಿರಾಕಿಗಳು ಗೊಣಗಿದರು, ಗೊಣಗಲಿ.) ಬರೀ ಗೋಧಿಯದು ಒಂದೇ ಒಂದು ಸಿಕ್ಕಿತು. ಸ್ವಲ್ಪ ಒರಟು, ಬೇಯಲು ತಡ. ತರಕಾರಿ ಹೆಚ್ಚು ಹಾಕಿ, ಅಳತೆಯಲ್ಲಿ ಬಡಿಸಿದೆ.

ವಿಷಯ ತಿಳಿದ ಗಂಡ ಕಪಾಟಿನ ಕೀಲಿ ತೆಗೆದರು. ತಾಯಿಯ ಮುಂದೆ ನೆಲಕ್ಕೆ ಕುಳಿತು, “ತಪ್ಪಾತಬೇ ಯವ್ವಾ” ಅಂದರು. ಅತ್ತೆ ಕಣ್ಣೊರೆಸಿಕೊಂಡು ಮಗನಿಗೂ ಒಂದು ತಟ್ಟೆ ಪಾಸ್ತಾ ಹಚ್ಚಿದರು.

ಮಗನೇನೋ ಬಂದು ಕೂತ. ಮೈದಾಕ್ಕೆ ಬಣ್ಣ ಬಳಿದು ಮಾರಿದವರು ಯಾವ ತಾಯಿಯ ಮುಂದೆ ಬಂದು ಕೂರುತ್ತಾರೆ?