ಬ್ಯಾರನ್ ಕಿಟಕಿಯ ಪಕ್ಕದ ಡಬ್ಬಿ

ನವೆಂಬರ್ ಹದಿನಾರು, ಭಾನುವಾರ. ಬೆಳಿಗ್ಗೆ ಏಳು ಗಂಟೆ ನಲವತ್ತು ನಿಮಿಷಕ್ಕೆ ಬರೆಯಲು ಕೂತೆ. ಇವತ್ತು ಅಂಗಡಿಗೆ ರಜೆ. ಟೇಬಲ್ ಮೇಲೆ ಈ ವರ್ಷದ ದಿನಚರಿಯೂ ಮೂರು ಹಾಳೆಗಳೂ ಇವೆ. ಹಾಳೆಗಳು ನಾನೇ ಗೆರೆ ಎಳೆದು ಕೊಟ್ಟಿದ್ದವು: ಜುಲೈ, ಆಗಸ್ಟ್, ಸೆಪ್ಟೆಂಬರ್. ಸೆಪ್ಟೆಂಬರ್ ಹಾಳೆ ಹತ್ತನೇ ತಾರೀಖಿಗೆ ನಿಂತಿದೆ.

ನಾನು ಹುಣಸೂರಿನ ಒಂದು ಔಷಧಿ ಅಂಗಡಿಯಲ್ಲಿ ಫಾರ್ಮಾಸಿಸ್ಟ್. ಕೆಲಸಕ್ಕೆ ಸೇರಿ ನಾಲ್ಕು ವರ್ಷವಾಯಿತು. ನಮ್ಮಲ್ಲಿ ದಿನಕ್ಕೆ ನೂರಾರು ಜನ ಜ್ವರದ ಮಾತ್ರೆ, ಸಕ್ಕರೆ ಮಾತ್ರೆ ಅಂತ ಬಂದು ಹೋಗುತ್ತಾರೆ. ಕಿಡ್ನಿ ಕಸಿ ಮಾಡಿಸಿಕೊಂಡವರು ಬರುತ್ತಿದ್ದದ್ದು ಒಬ್ಬರೇ. ಹನಗೋಡಿನ ಕಡೆಯ ರೈತ, ಮೂವತ್ತೊಂದು ವರ್ಷ. ಕಿಡ್ನಿ ಕೊಟ್ಟವರು ಅವರ ತಾಯಿ.

ಕಳೆದ ವರ್ಷ ಮಾರ್ಚ್ ನಾಲ್ಕರಂದು ಆತ ಮೊದಲ ಸಲ ಚೀಟಿ ಹಿಡಿದು ಬಂದಾಗ ನಾನು ಒಳಗೆ ಹೋಗಿ ಪುಸ್ತಕ ತೆಗೆದು ಓದಿದ್ದೆ. ಟ್ಯಾಕ್ರೋಲಿಮಸ್ ಎಂಬ ಕ್ಯಾಪ್ಸೂಲ್. ಬೇರೆಯವರ ಅಂಗವನ್ನು ಮೈ ತನ್ನದಲ್ಲ ಅಂತ ಹೊರಹಾಕದಂತೆ ಅದು ತಡೆಯುತ್ತದೆ. ಹನ್ನೆರಡು ಗಂಟೆಗೆ ಒಂದರಂತೆ ಜೀವನಪೂರ್ತಿ ತೆಗೆದುಕೊಳ್ಳಬೇಕು. ರಕ್ತದಲ್ಲಿ ಅದರ ಮಟ್ಟ ಇಳಿದರೆ ಕಿಡ್ನಿ ಹೋಗುತ್ತದೆ, ಏರಿದರೂ ತೊಂದರೆ. ಚಕ್ಕೋತ ತಿನ್ನಬೇಡಿ, ನಾಟಿ ಔಷಧಿ ಬೇಡ, ಕಂಪನಿ ಬದಲಾದರೆ ಡಾಕ್ಟರಿಗೆ ಹೇಳದೆ ತಗೋಬೇಡಿ ಅಂತ ಹೇಳಿದೆ. ಬೆಳಿಗ್ಗೆ ಎಂಟು, ರಾತ್ರಿ ಎಂಟು ಅಂತ ದಿನಕ್ಕೆ ಎರಡು ಚೌಕ ಇರುವ ಹಾಳೆ ಮಾಡಿ ಕೊಟ್ಟೆ. ತಗೊಂಡ ತಕ್ಷಣ ಗುರುತು ಹಾಕಬೇಕು.

"ಇದೇನು ಮೇಡಮ್ಮೋರೆ, ಇಸ್ಕೂಲ್ ಬುಟ್ಟು ಹದಿನೈದು ವರ್ಷ ಆದ್ಮೇಲೆ ಹಾಜರಿ ಹಾಕಿಸ್ತಾ ಇದ್ದೀರಿ" ಅಂತ ಆತ ನಕ್ಕರು. ಪಕ್ಕದಲ್ಲಿದ್ದ ತಾಯಿ, "ಆಗ ನೆಟ್ಟಗೆ ಹೋಗಿದ್ರೆ ತಾನೆ ಹಾಜರಿ? ಈಗ ಹಾಕಿಸ್ಕೊ. ನಂದು ಒಂದು ನಿನ್ನ ಹೊಟ್ಟೇಲಿ ಅದೆ, ಗ್ಯಾನ ಇರ್ಲಿ" ಅಂದರು.

ಅಲ್ಲಿಂದ ಹದಿನಾರು ತಿಂಗಳು ಒಂದು ಹಾಳೆಯೂ ತಪ್ಪಲಿಲ್ಲ. ತಿಂಗಳ ಮೊದಲ ಹತ್ತು ದಿನದೊಳಗೆ ತಾಯಿ ಮಗ ಇಬ್ಬರೂ ಬರುತ್ತಿದ್ದರು. ನಾನು ಗುರುತು ಎಣಿಸುತ್ತಿದ್ದೆ. ತಪ್ಪಿದ್ದು ಇಷ್ಟೂ ತಿಂಗಳಲ್ಲಿ ಎರಡು ಹೊತ್ತು, ಎರಡೂ ಬಸ್ಸು ಕೆಟ್ಟು ನಿಂತ ದಿನ.

ಈ ವರ್ಷ ಜುಲೈ ಒಂಬತ್ತು, ಬುಧವಾರ. ದಿನಚರಿಯಲ್ಲಿ ಹೀಗಿದೆ: "ಹನಗೋಡಿನವರು ಬಂದರು. ರಕ್ತದ ಮಟ್ಟ ಸರಿ ಇದೆ. ಸೊಪ್ಪಿನ ಕೆಲಸ ಶುರು. ಮರೆಯುವ ಭಯ. ಉಪಾಯ ಹೇಳಿದೆ."

ಹೊಗೆಸೊಪ್ಪು ಬೆಳೆಯುವವರ ಮನೆಯಲ್ಲಿ ಆ ಎರಡು ಮೂರು ತಿಂಗಳು ಹೊತ್ತಿಗೆ ಲೆಕ್ಕವಿರುವುದಿಲ್ಲ. ಸೊಪ್ಪು ಮುರಿಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿಗೆ ಏರಿಸಬೇಕು. ಬ್ಯಾರನ್ ಅಂದರೆ ಎತ್ತರದ ಇಟ್ಟಿಗೆ ಕೋಣೆ. ಹೊರಗಿನಿಂದ ಸೌದೆ ಉರಿಸಿ ಒಳಗಿನ ಸೊಪ್ಪನ್ನು ಐದಾರು ದಿನ ಬೇಯಿಸಿ ಹದ ಮಾಡುತ್ತಾರೆ. ಗೋಡೆಯಲ್ಲಿ ಪುಟ್ಟ ಗಾಜಿನ ಕಿಟಕಿ, ಅದರ ಹಿಂದೆ ಥರ್ಮಾಮೀಟರ್. ಗಂಟೆಗೊಮ್ಮೆ ಅದನ್ನು ನೋಡದಿದ್ದರೆ ಸೊಪ್ಪು ಕಪ್ಪಾಗುತ್ತದೆ. ಹಿಂದಿನ ವರ್ಷ ಆಪರೇಷನ್ ಆಗಿದ್ದರಿಂದ ಆತ ಬ್ಯಾರನ್ ಹತ್ತಿರ ಹೋಗಿರಲಿಲ್ಲ. ಈ ವರ್ಷ ಮೈಯಲ್ಲಿ ಶಕ್ತಿ ಬಂದಿತ್ತು.

"ಮನೇಲಿ ಹಾಳೆ ಇರ್ತದೆ, ನಾನು ಬ್ಯಾರನ್ ತಾವ ಇರ್ತೀನಿ. ಎಂಗ್ ಮಾಡ್ಲಿ?" ಅಂತ ಕೇಳಿದರು.

ನಾನು ಹೇಳಿದ ಮಾತು ಇದು: "ದಿನಾ ತಪ್ಪದೆ ನಿಮ್ಮ ಕಣ್ಣು ಬೀಳೋ ಜಾಗದಲ್ಲಿ ನೇತುಹಾಕಿ. ಹಾಳೇನೂ ಅಲ್ಲೇ, ಮಾತ್ರೇನೂ ಅಲ್ಲೇ."

ಹೇಳಿ ಹೆಮ್ಮೆಪಟ್ಟೆ. ಯಾವ ಜಾಗ ಅಂತ ಕೇಳಲಿಲ್ಲ.

ಸೆಪ್ಟೆಂಬರ್ ಹನ್ನೊಂದು, ಗುರುವಾರ, ಬೆಳಿಗ್ಗೆ ಹತ್ತು ಗಂಟೆ. ತಾಯಿ ಮಗ ಇಬ್ಬರೂ ಬಟ್ಟೆಯ ಚೀಲದೊಂದಿಗೆ ಅಂಗಡಿ ಮೆಟ್ಟಿಲು ಹತ್ತಿದರು. ಆತನ ಮುಖ ಊದಿತ್ತು. ಮೈಸೂರಿನಲ್ಲಿ ಕೊಟ್ಟ ರಕ್ತದ ವರದಿ ಹಿಂದಿನ ದಿನ ಬಂದಿತ್ತು. ಔಷಧಿಯ ಮಟ್ಟ ತೀರಾ ಕೆಳಗೆ, ಕಿಡ್ನಿ ಸೋತಿದೆ, ಕೂಡಲೇ ಬಂದು ದಾಖಲಾಗಿ ಅಂತ ಆಸ್ಪತ್ರೆಯಿಂದ ಫೋನ್. "ಮಾತ್ರೆ ಬಿಟ್ಟಿದ್ದೀರಾ?" ಅಂತಲೂ ಕೇಳಿದ್ದರಂತೆ. ಮೈಸೂರು ಬಸ್ಸಿಗೆ ಅರ್ಧ ಗಂಟೆ ಇತ್ತು.

"ಬುಟ್ಟವ್ನೆ ಕಣವ್ವ ಇವ್ನು" ಅಂದರು ತಾಯಿ, ನನ್ನ ಕಡೆ ನೋಡಿ, ಮಗನ ಕಡೆ ನೋಡದೆ. "ಮೈ ಚೆನ್ನಾಯ್ತು ಅಂತ ಬುಟ್ಟವ್ನೆ. ನನ್ನ ಹೊಟ್ಟೆ ಕುಯ್ದು ಕೊಟ್ಟೆನಲ್ಲ, ಅದ ಬ್ಯಾರನ್ ಒಲೆಗೆ ಹಾಕ್ಬುಟ್ಟ."

"ಒಂದೊತ್ತೂ ಬುಟ್ಟಿಲ್ಲ ಮೇಡಮ್ಮೋರೆ. ನೋಡಿ, ನೀವೇ ಎಣಿಸಿ" ಅಂತ ಆತ ಹಾಳೆಗಳನ್ನೂ ಮಾತ್ರೆಗಳನ್ನೂ ಕೌಂಟರ್ ಮೇಲೆ ಇಟ್ಟರು.

ಎಣಿಸಿದೆ. ಜುಲೈ ಒಂಬತ್ತರಿಂದ ಸೆಪ್ಟೆಂಬರ್ ಹತ್ತರವರೆಗೆ ಅರವತ್ತನಾಲ್ಕು ದಿನ, ನೂರ ಇಪ್ಪತ್ತೆಂಟು ಹೊತ್ತು, ನೂರ ಇಪ್ಪತ್ತೆಂಟು ಗುರುತು. ಆ ಒಂಬತ್ತರ ಬೆಳಿಗ್ಗೆ ಆತನ ಬಳಿ ಇದ್ದದ್ದು ಹತ್ತು ಕ್ಯಾಪ್ಸೂಲ್, ಸೊಪ್ಪಿನ ಕೆಲಸ ಅಂತ ಆವತ್ತೇ ಒಟ್ಟಿಗೆ ನಾನು ಕೊಟ್ಟದ್ದು ನೂರ ನಲವತ್ತು. ಈಗ ಒಡೆಯದ ತಗಡಿನ ಪಟ್ಟಿಯಲ್ಲಿ ಹತ್ತು, ಒಂದು ಪುಟ್ಟ ಡಬ್ಬಿಯಲ್ಲಿ ಬಿಡಿಯಾಗಿ ಹನ್ನೆರಡು. ಅಂದಿನ ಬೆಳಗಿನದನ್ನು ಆಸ್ಪತ್ರೆಯಲ್ಲಿ ಮತ್ತೆ ರಕ್ತ ತೆಗೆದ ಮೇಲೆ ತಗೊಳ್ಳಿ ಅಂದಿದ್ದರಂತೆ, ಅದು ಇನ್ನೂ ಬಾಕಿ. ಲೆಕ್ಕ ಒಂದೂ ಹೆಚ್ಚುಕಮ್ಮಿ ಇರಲಿಲ್ಲ.

"ಲೆಕ್ಕ ಸರಿ ಇದೆಯಮ್ಮ" ಅಂದೆ.

"ತಿಪ್ಪೆಗೆ ಎಸೆದ್ರೂ ಲೆಕ್ಕ ಸರಿಯಾಗೇ ಇರ್ತದೆ, ಬುಡವ್ವ" ಅಂದರು ತಾಯಿ.

ನಿಜ ಹೇಳಬೇಕೆಂದರೆ ಆ ಕ್ಷಣ ನನಗೂ ಅನುಮಾನ ಬಂತು. ಎಲ್ಲ ಗುರುತೂ ಒಂದೇ ಪೆನ್ನಿನದು, ಒಂದೇ ಸಲ ಕೂತು ಹಾಕಿದ ಹಾಗೆ. ಆಗ ಡಬ್ಬಿಯೊಳಗಿನ ಹನ್ನೆರಡನ್ನು ಅಂಗೈಗೆ ಸುರಿದುಕೊಳ್ಳಲು ಹೋದೆ. ಸುರಿಯಲಿಲ್ಲ. ಅಲುಗಿಸಿದಾಗ ಐದಾರು ಒಟ್ಟಿಗೆ ಅಂಟಿಕೊಂಡು ಬಿದ್ದವು. ಒಂದರ ಮೈ ತಗ್ಗಾಗಿತ್ತು. ಹೊಗೆಸೊಪ್ಪಿನ ವಾಸನೆ.

"ಇವನ್ನು ಪಟ್ಟಿಯಿಂದ ಯಾಕೆ ಬಿಡಿಸಿದ್ರಿ?"

"ಸೊಪ್ಪು ಮುರಿದ ಕೈ ನೋಡಿದ್ದೀರಾ? ಕರೀ ಅಂಟು. ಆ ಕೈಯಲ್ಲಿ ಆ ತಗಡು ಹರಿಯಕ್ಕೆ ಆಗಲ್ಲ. ಹದಿನೈದು ದಿನದ್ದು ಒಂದೇ ಸತಿ ಬಿಡಿಸಿ ಡಬ್ಬಿಗೆ ಹಾಕ್ಕೊತಿದ್ದೆ."

"ಡಬ್ಬಿ ಎಲ್ಲಿ ಇಟ್ಟಿದ್ರಿ?"

ಆತ ನನ್ನ ಮುಖ ನೋಡಿದರು. "ನೀವೇ ಹೇಳಿದ್ರಲ್ಲ, ಕಣ್ಣು ಬೀಳೋ ತಾವ ಅಂತ. ಬ್ಯಾರನ್ ಕಿಟಕಿ ಪಕ್ಕದಲ್ಲಿ ಮೊಳೆ ಹೊಡೆದು ನೇತಾಕಿದ್ದೆ. ಗಂಟೆಗೊಂದ್ಸತಿ ಅಲ್ಲೇ ನೋಡ್ತಿದ್ದೆ. ಅದಕ್ಕೇ ಒಂದೂ ತಪ್ಪಿಲ್ಲ."

ಆ ಗೋಡೆಗೆ ಬೆನ್ನು ತಾಗಿಸಿ ನಿಲ್ಲಲು ಆಗುವುದಿಲ್ಲ, ಅಷ್ಟು ಬಿಸಿ. ಹಸಿ ಸೊಪ್ಪು ಬೇಯುವಾಗ ಬರುವ ಆವಿಯೂ ಅಲ್ಲೇ. ಆ ಕ್ಯಾಪ್ಸೂಲ್ ತಣ್ಣನೆಯ ಒಣ ಜಾಗದಲ್ಲಿ, ಅದರ ಪಟ್ಟಿಯಲ್ಲೇ ಇರಬೇಕು. ಇದು ಕಂಪನಿಯ ರಟ್ಟಿನ ಪೊಟ್ಟಣದ ಮೇಲೆ ಸಣ್ಣ ಅಕ್ಷರದಲ್ಲಿ ಇದೆ. ಓದಬೇಕಾದವಳು ನಾನು.

ಬಸ್ಸಿಗೆ ಹತ್ತು ನಿಮಿಷ ಇತ್ತು. ಡಬ್ಬಿಯಲ್ಲಿದ್ದವನ್ನು ನುಂಗಬೇಡಿ ಅಂತ ತೆಗೆದಿಟ್ಟುಕೊಂಡು ಹೊಸ ಪಟ್ಟಿ ಕೊಟ್ಟೆ. ಯಾಕೆ ಅಂತ ಹೇಳಲಿಲ್ಲ. ತಾಯಿ ಮುಂದೆ ಮುಂದೆ, ಮಗ ನಾಲ್ಕು ಹೆಜ್ಜೆ ಹಿಂದೆ ಬಸ್ ಸ್ಟ್ಯಾಂಡ್ ಕಡೆ ನಡೆದರು.

ಐದು ದಿನ ಯಾರಿಗೂ ಬಾಯಿ ಬಿಡಲಿಲ್ಲ. ಸೆಪ್ಟೆಂಬರ್ ಹದಿನಾರಕ್ಕೆ ಆ ಆಸ್ಪತ್ರೆಯ ಔಷಧಿ ವಿಭಾಗಕ್ಕೆ ಫೋನ್ ಮಾಡಿದೆ. ಕಸಿ ಮಾಡಿಸಿಕೊಂಡವರ ಔಷಧಿಯನ್ನೇ ನೋಡಿಕೊಳ್ಳುವ ಹಿರಿಯ ಫಾರ್ಮಾಸಿಸ್ಟ್ ಮಾತಾಡಿದರು. ಎಲ್ಲ ಕೇಳಿಸಿಕೊಂಡು ಫೈಲು ತರಿಸಿ ನೋಡಿದರು.

"ಫೈಲಿನಲ್ಲಿ 'ಮಾತ್ರೆ ಸರಿಯಾಗಿ ತೆಗೆದುಕೊಂಡಿಲ್ಲ' ಅಂತ ಬರೆದಿದ್ದಾರಮ್ಮ."

"ತಗೊಂಡಿದ್ದಾರೆ ಸಾರ್. ಕೆಟ್ಟ ಮಾತ್ರೆ ತಗೊಂಡಿದ್ದಾರೆ."

"ಇರಬಹುದು. ಬಿಸಿಯಿಂದಲೇ ಮಟ್ಟ ಇಳೀತು ಅಂತ ನಾನು ಖಂಡಿತ ಹೇಳಲಾರೆ. ಬೇರೆ ಕಾರಣಾನೂ ಇರಬಹುದು. ಆ ಡಬ್ಬಿ ಕಳಿಸು. ಫೈಲಲ್ಲಿ ಬರೆಸೋದು ನಾನು ನೋಡ್ಕೋತೀನಿ. ಮನೇಲಿ ಹೇಳೋ ಕೆಲಸ ನಿಂದು."

ಡಬ್ಬಿ ಕಳಿಸಿದೆ. ಮನೆಯಲ್ಲಿ ಹೇಳಲಿಲ್ಲ. ಕೆಲಸ ಹೋಗುತ್ತದೆ ಅನ್ನುವ ಹೆದರಿಕೆ ಒಂದು. ಇಂಜೆಕ್ಷನ್ ಕೊಡುತ್ತಿದ್ದಾರಂತೆ, ಕಿಡ್ನಿ ಉಳಿದರೆ ಹೇಳುವುದೇ ಬೇಡವಲ್ಲ ಅನ್ನುವ ಆಸೆ ಇನ್ನೊಂದು. ದಿನಚರಿಯಲ್ಲಿ ಪ್ರತಿ ದಿನ "ಹೇಳಲಿಲ್ಲ" ಅಂತ ಬರೆದಿದ್ದೇನೆ.

ಕಿಡ್ನಿ ಉಳಿಯಲಿಲ್ಲ. ಅಕ್ಟೋಬರ್ ಎರಡನೇ ವಾರದಿಂದ ಮತ್ತೆ ಡಯಾಲಿಸಿಸ್ ಶುರುವಾಯಿತು, ವಾರಕ್ಕೆ ಎರಡು ಸಲ.

ಅಕ್ಟೋಬರ್ ಇಪ್ಪತ್ತಾರು, ಭಾನುವಾರ, ಹನಗೋಡಿನ ಬಸ್ಸು ಹತ್ತಿದೆ. ಅವರ ಮನೆಗೆ ಹೋದದ್ದು ಅದೇ ಮೊದಲು. ಆತ ಜಗಲಿಯ ಮೇಲೆ ಗೋಡೆಗೆ ಒರಗಿ ಕೂತಿದ್ದರು. ತಾಯಿ ಒಳಗಿನಿಂದ ತಟ್ಟೆ ತಂದು ಆತನ ಮುಂದೆ ಇಟ್ಟು, ಒಂದು ಮಾತೂ ಆಡದೆ ಒಳಗೆ ಹೋದರು. ಆತ ನನ್ನ ಕಡೆ ನೋಡಿ, "ಆವತ್ತಿಂದ ಇಂಗೇಯ. ಅನ್ನ ಇಡ್ತಾರೆ, ಮಾತು ಇಲ್ಲ" ಅಂದರು. ನಲವತ್ತೈದು ದಿನ.

ತಾಯಿಯನ್ನು ಕರೆದು ಕೂರಿಸಿ ಹೇಳಿದೆ. ಮಾತ್ರೆ ಬಿಟ್ಟಿಲ್ಲ ಅಂತ. ಬಿಸಿಗೆ ಕೆಟ್ಟಿರಬಹುದು ಅಂತ. ಅಲ್ಲಿ ನೇತುಹಾಕಲು ದಾರಿ ತೋರಿಸಿದ್ದು ನಾನು ಅಂತ. ಎಲ್ಲಿ ಅಂತ ಕೇಳದೇ ಹೋದೆ, ಗೊತ್ತಾದ ಮೇಲೂ ಇಷ್ಟು ದಿನ ಮುಚ್ಚಿಟ್ಟೆ ಅಂತ. ಆಕೆ ಬಹಳ ಹೊತ್ತು ತಮ್ಮ ಸೊಂಟದ ಪಕ್ಕದಲ್ಲಿ ಕೈಯಿಟ್ಟುಕೊಂಡು ಕೂತರು. ಕಿಡ್ನಿ ತೆಗೆದ ಆಪರೇಷನ್ನಿನ ಕಲೆ ಇರುವ ಜಾಗ ಅದು.

"ನಾವು ಓದಿಲ್ದೋರು. ಮೊಳೆ ಎಲ್ಲಿ ಹೊಡೀತೀರಿ ಅಂತ ಒಂದು ಮಾತು ಕೇಳ್ಬೇಕಾಗಿತ್ತು ಕಣವ್ವ ನೀನು."

"ಹೌದಮ್ಮ."

"ಆಮೇಕೆ ಆದ್ರೂ ಯೋಳ್ಬೇಕಾಗಿತ್ತು. ಇವ್ನ ಸುಳ್ಳ ಅಂದ್ಕಂಡು ಇಷ್ಟು ದಿನ ತಳ್ಳಿದೆನಲ್ಲ ನಾನು."

ಆಕೆ ಎದ್ದು ಮಗನ ಎದುರು ನಿಂತರು. ತಟ್ಟೆಯ ಮುದ್ದೆ ಹಾಗೇ ಇತ್ತು. "ಮುದ್ದೆ ಆರಿ ವೋಗದೆ. ಬ್ಯಾರೆ ಇಕ್ತೀನಿ, ತಡಿ ಲಾ" ಅಂದರು. ಆತ ತಲೆ ಎತ್ತಲಿಲ್ಲ. ತಟ್ಟೆಯನ್ನು ತಾಯಿಯ ಕಡೆ ಸರಿಸಿದರು. ನನ್ನನ್ನು ಯಾರೂ ಕೂರು ಅನ್ನಲಿಲ್ಲ, ಹೋಗು ಅನ್ನಲೂ ಇಲ್ಲ. ನಾನೇ ಚಪ್ಪಲಿ ಹಾಕಿಕೊಂಡು ಬಸ್ಸಿಗೆ ನಡೆದೆ.

ಮರುದಿನ ಅಂಗಡಿಯ ಮಾಲೀಕರಿಗೂ ಹೇಳಿದೆ. ಕೆಲಸ ಉಳಿದಿದೆ. ಆಸ್ಪತ್ರೆಯ ಹಿರಿಯರು ಫೈಲಿನಲ್ಲಿ ತಿದ್ದಿ ಬರೆಸಿದ್ದಾರೆ. ತಾಯಿಗೆ ಕೊಡಲು ಇನ್ನೊಂದು ಕಿಡ್ನಿ ಇಲ್ಲ. ಮಗನ ಹೆಸರು ಕಾಯುವವರ ಪಟ್ಟಿಯಲ್ಲಿದೆ, ಎಷ್ಟನೆಯದು ಅಂತ ಯಾರೂ ಹೇಳುವುದಿಲ್ಲ. ಈಗ ನಮ್ಮ ಅಂಗಡಿಗೆ ಬರುವುದು ತಾಯಿ ಒಬ್ಬರೇ. ನನ್ನ ಹತ್ತಿರ ಚೀಟಿ ಕೊಡುತ್ತಾರೆ, ಮಾತು ಕಡಿಮೆ.

ಬಿಸಿಯೇ ಕಾರಣವೋ ಅಲ್ಲವೋ ನನಗೆ ಇನ್ನೂ ಗೊತ್ತಿಲ್ಲ. ಹೌದು ಅಂದರೆ ತಪ್ಪು ನನ್ನದು. ಅಲ್ಲ ಅಂದರೆ ಬೇರೆ ಯಾವುದೋ ಕಾರಣ ಇನ್ನೊಬ್ಬರ ಮನೆಯಲ್ಲಿ ಕಾದು ಕೂತಿರಬಹುದು. ಪಿರಿಯಾಪಟ್ಟಣ, ಕೆ.ಆರ್. ನಗರ, ಕೋಟೆ ಕಡೆ ಈ ಕ್ಯಾಪ್ಸೂಲ್ ಮಾರುವ ಫಾರ್ಮಾಸಿಸ್ಟರು ಇದ್ದೀರಿ, ನುಂಗುವವರೂ ಇದ್ದೀರಿ. ಸೊಪ್ಪಿನ ಕಾಲದಲ್ಲಿ ಅದನ್ನು ಎಲ್ಲಿ ಇಟ್ಟಿದ್ದಿರಿ, ಪಟ್ಟಿಯಿಂದ ಬಿಡಿಸಿದ್ದಿರಾ, ಆಮೇಲೆ ರಕ್ತದಲ್ಲಿ ಮಟ್ಟ ಎಷ್ಟು ಬಂತು, ಗೊತ್ತಿದ್ದವರು ದಯವಿಟ್ಟು ನನಗೆ ಬರೆಯಿರಿ. ತಾರೀಖು ನೆನಪಿಲ್ಲದಿದ್ದರೂ ಪರವಾಗಿಲ್ಲ, ಜಾಗ ಬರೆಯಿರಿ.